ಮಟ್ಟಿ ಅಗೆಯುತ್ತಾ ಕಲಿತದ್ದು

ಮೈಸೂರಿನಲ್ಲಿ ನಮ್ಮ ಕೇರಿಯ ಗರಡಿ ಮನೆಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನಾದರೂ ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಹದಿನೈದನೇ ವಯಸ್ಸಿನಿಂದ ಎಂಟು ವರ್ಷ ದಿನಾ ಆ ಬಾಗಿಲಲ್ಲಿ ಬಗ್ಗಿದ್ದೇನೆ. ಆಮೇಲೆ ಕೆಲಸ, ಮದುವೆ, ಮನೆ ಸಾಲ. ಇಪ್ಪತ್ತೆರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಮತ್ತೆ ಹೋಗಿದ್ದು ಮಗನ ಕಾರಣಕ್ಕೆ. ಅವನು ದ್ವಿತೀಯ ಪಿಯುಸಿಯಲ್ಲಿ ಫೇಲಾದ. ನಾನು ಬೈಯಲಿಲ್ಲ, ಹೊಡೆಯಲಿಲ್ಲ. ಎಂಟು ದಿನ ಅವನ ಜೊತೆ ಮಾತೇ ಆಡಲಿಲ್ಲ. ಅದನ್ನೇ ಶಿಸ್ತು ಅಂದುಕೊಂಡಿದ್ದೆ. ಒಂಬತ್ತನೇ ದಿನ ಬೆಳಿಗ್ಗೆ ಅವನೇ ಬಂದು ನನ್ನ ಮುಂದೆ ಕಾಫಿ ಇಟ್ಟ. ಲೋಟ ಹಿಡಿದ ಕೈ ನಡುಗುತ್ತಿತ್ತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಹೊರಟೆ. ಕಾಲು ಗರಡಿಯ ಮುಂದೆ ನಿಂತವು.

ವಯಸ್ಸಾದ ಉಸ್ತಾದರು ಗುರುತು ಹಿಡಿದರು. ನಾನು ದಂಡೆ ಹೊಡೆಯೋಣ ಅಂತ ಅಂಗಿ ಬಿಚ್ಚಿದರೆ, ಗುದ್ದಲಿ ಕೈಗೆ ಕೊಟ್ಟರು. "ಸಾಮು ಆಮೇಲೆ. ಮೊದಲು ಮಟ್ಟಿ ಅಗಿ" ಎಂದರು.

ಮಟ್ಟಿ ಅಂದರೆ ಗರಡಿಯಲ್ಲಿ ಕುಸ್ತಿ ಆಡುವ ಮಣ್ಣು. ಅದನ್ನು ನೋಡದವರಿಗೆ ಸ್ವಲ್ಪ ಹೇಳಬೇಕು. ಅದು ಸುಮ್ನೆ ತಂದು ಸುರಿದ ಮಣ್ಣಲ್ಲ. ಕೆಂಪು ಮಣ್ಣನ್ನು ಜರಡಿ ಹಿಡಿದು, ಕಲ್ಲು ಬೇರು ತೆಗೆದು, ಅದಕ್ಕೆ ಎಣ್ಣೆ, ಮಜ್ಜಿಗೆ, ಅರಿಶಿನ, ಕುಂಕುಮ, ನಿಂಬೆರಸ ಸೇರಿಸಿ ಹದ ಮಾಡುತ್ತಾರೆ. ಪೂಜೆ ಮಾಡಿದ ಮೇಲೆಯೇ ಅದಕ್ಕೆ ಕಾಲಿಡುವುದು. ಬಿದ್ದವನಿಗೆ ಪೆಟ್ಟಾಗಬಾರದು, ನಿಂತವನ ಕಾಲು ಜಾರಬಾರದು. ಎರಡೂ ಒಂದೇ ಮಣ್ಣಿನಿಂದ ಆಗಬೇಕು. ದಸರಾ ಕುಸ್ತಿ ಹತ್ತಿರ ಬಂದಾಗ ಹುಡುಗರು ತುಂಬಿರುತ್ತಾರೆ, ದಿನಾ ಅಗೆಯುತ್ತಾರೆ. ನಾನು ಹೋದಾಗ ಬೇಸಿಗೆ. ತಿಂಗಳಿಂದ ಯಾರೂ ಗುದ್ದಲಿ ಮುಟ್ಟಿರಲಿಲ್ಲ. ಮೊದಲ ಏಟಿಗೆ ಗುದ್ದಲಿ ಟಣ್ ಅಂತ ವಾಪಸ್ ಬಂತು.

ಆ ಸದ್ದು ನನ್ನನ್ನು ಹಿಡಿದು ನಿಲ್ಲಿಸಿತು. ಆ ಮಣ್ಣನ್ನು ಯಾರೂ ಗಟ್ಟಿ ಮಾಡಿರಲಿಲ್ಲ. ಬಿಟ್ಟಿದ್ದರು ಅಷ್ಟೇ. ಬಿಟ್ಟರೆ ಸಾಕು, ಅದೇ ಗಟ್ಟಿಯಾಗುತ್ತದೆ. ಮೆತ್ತಗಿರಬೇಕಾದರೆ ಮಾತ್ರ ದಿನಾ ಬೆವರು ಸುರಿಸಬೇಕು. ಗಟ್ಟಿತನಕ್ಕೆ ಸಾಧನೆ ಬೇಕು, ಮೆದುತನ ಹುಟ್ಟಿನಿಂದ ಬರುತ್ತದೆ ಅಂತ ನಾನು ಅಷ್ಟು ವರ್ಷ ನಂಬಿದ್ದೆ. ನನ್ನ ವಿಷಯದಲ್ಲಿ ಅದು ಪೂರ್ತಿ ಉಲ್ಟಾ. ಅವತ್ತು ಕಾಲುಭಾಗ ಅಗೆಯುವಷ್ಟರಲ್ಲಿ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಮನೆಗೆ ಬಂದು ಮಗನ ಪಕ್ಕ ಕೂತು, "ತಿಂಡಿ ತಿಂದ್ಯಾ?" ಅಂತ ಕೇಳಿದೆ. ಅಷ್ಟು ಕೇಳುವುದಕ್ಕೆ ಮಣ್ಣು ಅಗೆದದ್ದಕ್ಕಿಂತ ಜಾಸ್ತಿ ಶಕ್ತಿ ಬೇಕಾಯಿತು.

ಅಲ್ಲಿಂದ ನನ್ನ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಐದೂವರೆಗೆ ಗರಡಿ. ಅರ್ಧ ಗಂಟೆ ಮಟ್ಟಿ ಅಗೆಯುವುದು, ಹೆಂಟೆ ಪುಡಿ ಮಾಡುವುದು. ಮಂಡಿ ಬಿಡುವಷ್ಟು ಬಸ್ಕಿ. ಆಮೇಲೆ ಮಟ್ಟಿಯ ಅಂಚಿನಲ್ಲಿ ಆಂಜನೇಯನ ಎದುರು ಕೂರುತ್ತೇನೆ. ಉಸಿರು ಎಳೆಯುವಾಗ ಎರಡೂ ಮುಷ್ಟಿ ಬಿಗಿ, ಬಿಡುವಾಗ ಅಂಗೈ ಪೂರ್ತಿ ಬಿಚ್ಚಿ ತೊಡೆಯ ಮೇಲೆ. ಹೀಗೆ ಇಪ್ಪತ್ತೊಂದು ಸಲ. ಇದನ್ನು ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಕಂಡುಕೊಂಡಿದ್ದು. ಮುಷ್ಟಿ ಕಟ್ಟುವುದು ಸುಲಭ. ಬಿಚ್ಚುವಾಗ ಕಿರುಬೆರಳು ಕೊನೆಯವರೆಗೂ ಮಡಿಚಿಕೊಂಡೇ ಇರುತ್ತದೆ. ಅದು ಬಿಡುವವರೆಗೆ ಕಾಯುತ್ತೇನೆ.

ಕಾಯುವಾಗ ಎದುರಿಗಿರುವ ಆಂಜನೇಯನ ಬಗ್ಗೆ ಯೋಚಿಸುತ್ತೇನೆ. ಗರಡಿಯಲ್ಲಿ ಅವನು ಬಲದ ದೇವರು. ಆದರೆ ಅಶೋಕವನದಲ್ಲಿ ಅವನು ಸೀತೆಯ ಮುಂದೆ ಧುಮುಕಲಿಲ್ಲ. ಮೈ ಚಿಕ್ಕದು ಮಾಡಿಕೊಂಡು ಮರದಲ್ಲಿ ಕೂತ. ನೊಂದ ಹೆಣ್ಣುಮಗಳು, ಹೆದರಿಬಿಟ್ಟಾಳು ಅಂತ ಮೊದಲು ಮೆಲ್ಲಗೆ ರಾಮನ ಕಥೆ ಹೇಳಿದ. ಆಮೇಲೆ ಲಂಕೆಗೆ ಬೆಂಕಿ ಇಟ್ಟವನೂ ಅವನೇ. ಎಲ್ಲಿ ಸಣ್ಣವನಾಗಬೇಕು, ಎಲ್ಲಿ ಬೆಳೆಯಬೇಕು ಅಂತ ಅವನಿಗೆ ಗೊತ್ತಿತ್ತು, ಅಲ್ವಾ? ನಾನು ಮನೆಯಲ್ಲಿ ಲಂಕೆ ಸುಡುತ್ತಿದ್ದೆ. ಹೊರಗಿನವರ ಎದುರು ಬಾಯಿ ಬರುತ್ತಿರಲಿಲ್ಲ.

ಒಂದು ವರ್ಷ ಕಳೆದ ಮೇಲೆ ಇನ್ನೊಂದು ಪಾಠ ಆಯಿತು. ಮೆತ್ತಗಾಗುವ ಹುರುಪಿನಲ್ಲಿ ಯಾರಿಗೂ ಇಲ್ಲ ಅನ್ನದ ಹಾಗಾಗಿದ್ದೆ. ನೆಂಟರೊಬ್ಬರು ಸಾಲಕ್ಕೆ ಜಾಮೀನು ಹಾಕು ಅಂದರು. ಹಿಂದೆ ಒಂದು ಸಲ ಹಾಕಿ ಎರಡು ವರ್ಷ ಕಂತು ಕಟ್ಟಿದ್ದವನು ನಾನು. ಆದರೂ ಹೂಂ ಅನ್ನುವುದರಲ್ಲಿದ್ದೆ. ಅದೇ ವಾರ ಒಬ್ಬ ಹುಡುಗ ಮಟ್ಟಿಗೆ ನೀರು ಜಾಸ್ತಿ ಚಿಮುಕಿಸಿಬಿಟ್ಟ. ಅಂದು ಕುಸ್ತಿಯೇ ಆಗಲಿಲ್ಲ. ಕಾಲು ನಿಲ್ಲದ ಮೇಲೆ ಯಾರು ಯಾರನ್ನು ಹಿಡಿಯುವುದು? ಉಸ್ತಾದರು ಬೈಯಲಿಲ್ಲ. ಒಣ ಮಣ್ಣು ತರಿಸಿ ಬೆರೆಸಿದರು.

ನೆಂಟರ ಮನೆಗೆ ನಾನೇ ಹೋದೆ. ಫೋನಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ಅವರ ಕಷ್ಟ ಪೂರ್ತಿ ಕೇಳಿದೆ. "ಜಾಮೀನು ಹಾಕುವುದಿಲ್ಲ. ಮಗಳ ಫೀಸಿಗೆ ನನ್ನ ಕೈಲಾದಷ್ಟು ಕೊಡುತ್ತೇನೆ, ವಾಪಸ್ ಬೇಡ" ಎಂದೆ. ಅವರು ದನಿ ಎತ್ತಿದರು. ನಾನು ಎತ್ತಲಿಲ್ಲ, ಮಾತನ್ನೂ ಬದಲಿಸಲಿಲ್ಲ. ಹೊಟ್ಟೆಯೊಳಗೆ ನಡುಕವಿತ್ತು. ಆದರೂ ಕಾಲು ಜಾರಲಿಲ್ಲ.

ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನಡೆಯುತ್ತದೆ. ತಲೆ ಬೋಳಿಸಿಕೊಂಡ ಜಟ್ಟಿಗಳು ವಜ್ರಮುಷ್ಟಿ ಎಂಬ ಮೊನಚಾದ ಆಯುಧವನ್ನು ಕೈಬೆರಳಿಗೆ ತೊಟ್ಟು ಸೆಣಸುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ನಿಲ್ಲಿಸುತ್ತಾರೆ. ಚಿಕ್ಕವನಿದ್ದಾಗ ನನಗೆ ಆ ಏಟೇ ದೊಡ್ಡದಾಗಿತ್ತು. ಈಗ ಆ ನಿಲ್ಲಿಸುವುದು ದೊಡ್ಡದು ಅನಿಸುತ್ತದೆ. ಅಷ್ಟು ಬಿಸಿಯಲ್ಲಿ ಎತ್ತಿದ ಕೈಯನ್ನು ಇಳಿಸುವುದಕ್ಕೆ ಎಂಥ ತಯಾರಿ ಬೇಕು!

ಮಗ ಪೂರಕ ಪರೀಕ್ಷೆಯಲ್ಲಿ ಪಾಸಾದ, ಈಗ ಡಿಪ್ಲೊಮಾ ಓದುತ್ತಿದ್ದಾನೆ. ಆ ಎಂಟು ದಿನದ ಬಗ್ಗೆ ನಾವಿಬ್ಬರೂ ಇನ್ನೂ ಮಾತಾಡಿಲ್ಲ. ಮೊನ್ನೆ ಶನಿವಾರ ಅವನು ಗರಡಿಗೆ ಬಂದ. ಬಾಗಿಲು ಗಿಡ್ಡ ಅಂತ ಗೊತ್ತಿಲ್ಲದೆ ಹಣೆ ತಾಗಿಸಿಕೊಂಡ. ಎದ್ದು ಹೋಗಿ ಅವನ ಹಣೆ ಉಜ್ಜಿದೆ. ಸ್ವಲ್ಪ ಹೊತ್ತು ನಿಂತು ನೋಡಿದವನು ಗೋಡೆಗೆ ಒರಗಿಸಿದ್ದ ಇನ್ನೊಂದು ಗುದ್ದಲಿ ತೆಗೆದುಕೊಂಡ.

"ಎಷ್ಟು ಆಳ ಅಗೀಬೇಕಪ್ಪಾ?" ಎಂದ.

ನಾನು ಅಗೆದ ಜಾಗದಲ್ಲಿ ಅವನ ಕೈ ಇಳಿಸಿ ತೋರಿಸಿದೆ.