ಡಿಯುಐ ಕೇಸ್: ಶಿಕ್ಷೆಯ ಬದಲು ಚಿಕಿತ್ಸೆಯ ದಾರಿ ಹಿಡಿಯುವುದು ಹೇಗೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕುಡಿದು ಕಾರು ಓಡಿಸಿ (ಇದೇ ಡಿಯುಐ) ಸಿಕ್ಕಿಬಿದ್ದವರಿಗೆ ‘ಡಿಫರ್ಡ್ ಪ್ರಾಸಿಕ್ಯೂಷನ್’, ಅಂದರೆ ಕೇಸನ್ನು ತಡೆಹಿಡಿದು ಚಿಕಿತ್ಸೆಗೆ ಅವಕಾಶ ಕೊಡುವ ಒಂದು ದಾರಿ ಇದೆ. 2 ವರ್ಷ ಚಿಕಿತ್ಸೆ, ಒಟ್ಟು 5 ವರ್ಷ ಕೋರ್ಟಿನ ನಿಗಾ. ಎಲ್ಲ ಸರಿಯಾಗಿ ಮುಗಿಸಿದರೆ ಕೇಸ್ ವಜಾ. ಸಿಯಾಟಲ್, ಬೆಲ್‌ವ್ಯೂ ಕಡೆಯ ನಮ್ಮ ಹುಡುಗರು ಕೆಲವರು ನಾಲ್ಕು ಕ್ಲಾಸಿಗೆ ಹೋದರೆ ಮುಗೀತು ಅಂದುಕೊಂಡು ಸಹಿ ಹಾಕಿ, ಆಮೇಲೆ ಒದ್ದಾಡುತ್ತಾರೆ.

ಮೊದಲು ಲೈಸೆನ್ಸ್. ಅದನ್ನು ನೋಡಿಕೊಳ್ಳುವುದು ಬೇರೆ ಇಲಾಖೆ, ಲೈಸೆನ್ಸ್ ಅಮಾನತಿನ ನೋಟಿಸ್ ಸಿಕ್ಕ 7 ದಿನದೊಳಗೆ ವಿಚಾರಣೆ ಕೇಳಿ.

ಆಮೇಲೆ ವಕೀಲರು. ವೀಸಾದಲ್ಲಿ ಇರುವವರು ವಲಸೆ ವಕೀಲರನ್ನೂ ಕೇಳಲೇಬೇಕು. ಕೇಸ್ ವಜಾ ಆದರೂ ವೀಸಾ ಅರ್ಜಿಯಲ್ಲಿ ಅರೆಸ್ಟ್ ಆಗಿದ್ದನ್ನು ಮುಚ್ಚಿಡುವ ಹಾಗಿಲ್ಲ.

ಜನ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಕುಡಿತದ ಚಟ ಇದೆಯಾ ಅಂತ ನೋಡುವ ಮೌಲ್ಯಮಾಪನ. ರಕ್ತದಲ್ಲಿ ಆಲ್ಕೋಹಾಲ್ ಮಿತಿ ಶೇ. 0.08 ಇರುವಾಗ ಪೊಲೀಸ್ ವರದಿಯಲ್ಲಿ 0.18 ಅಂತ ಬಂದಿರುತ್ತದೆ, ಇವರು ಕೌನ್ಸೆಲರ್ ಮುಂದೆ ಕೂತು ‘ಎರಡೇ ಬಿಯರ್’ ಅಂತಾರೆ. ಯಾರು ನಂಬುತ್ತಾರೆ? ಈ ದಾರಿ ಇರುವುದು ಚಟ ಅಥವಾ ಮಾನಸಿಕ ತೊಂದರೆಯಿಂದಲೇ ತಪ್ಪಾಯಿತು ಅಂತ ಒಪ್ಪುವವರಿಗೆ. ತನಗೆ ಅಂಥದ್ದೇನೂ ಇಲ್ಲ ಅಥವಾ ತಾನು ನಿರಪರಾಧಿ ಅಂತ ಮನಸಾರೆ ನಂಬಿದವರ ಅರ್ಜಿಯನ್ನು ಕೋರ್ಟ್ ತೆಗೆದುಕೊಳ್ಳಬಾರದು ಅಂತ ಕಾನೂನೇ ಹೇಳುತ್ತದೆ. ಹಾಗಾಗಿ ನಿಜ ಹೇಳಿ, ಇಲ್ಲವೇ ಕೇಸ್ ಎದುರಿಸಿ. ಅಗ್ಗದ ಆನ್‌ಲೈನ್ ಸರ್ಟಿಫಿಕೇಟ್ ಕಡೆ ತಲೆ ಹಾಕಬೇಡಿ, ರಾಜ್ಯದ ಪರವಾನಗಿ ಇರುವ ಕೇಂದ್ರಕ್ಕೇ ಹೋಗಿ.

ಅರ್ಜಿಗೆ ಸಹಿ ಹಾಕುವ ಮುಂಚೆ ಪ್ರತಿ ಸಾಲೂ ಓದಿ. ಜ್ಯೂರಿ ವಿಚಾರಣೆ, ಸಾಕ್ಷಿಗಳನ್ನು ಪ್ರಶ್ನಿಸುವ ಹಕ್ಕು, ಎಲ್ಲ ಬಿಟ್ಟುಕೊಡುತ್ತೀರಿ. ನಡುವೆ ಕೈಬಿಟ್ಟರೆ ಜಡ್ಜ್ ಆ ಪೊಲೀಸ್ ವರದಿಯನ್ನೇ ಓದಿ ತೀರ್ಪು ಕೊಡಬಹುದು, ವಾದ ಮಾಡಲು ನಿಮ್ಮ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಪೂರ್ತಿ ಮುಗಿಸಿದರೂ ಮುಂದೆ ಮತ್ತೆ ಸಿಕ್ಕಿಬಿದ್ದರೆ ಇದು ಹಳೇ ಅಪರಾಧ ಅಂತ ಲೆಕ್ಕಕ್ಕೆ ಬರುತ್ತದೆ.

ಚಿಕಿತ್ಸೆಯಲ್ಲಿ ಮೊದಲ ತಿಂಗಳುಗಳು ಬಿಗಿ, ಆಮೇಲೆ ಭೇಟಿ ಕಡಿಮೆಯಾಗುತ್ತದೆ. ಕುಡಿತ ಮಾತ್ರ ಒಂದು ಗುಟುಕೂ ಇಲ್ಲ. ಕಾರಿಗೆ ಉಸಿರು ಪರೀಕ್ಷೆಯ ಲಾಕ್ ಹಾಕಿಸಬೇಕು. ಬೇರೆಯವರಿಂದ ಊದಿಸಲು ಹೋಗಬೇಡಿ, ಲಾಕ್‌ನಲ್ಲಿ ಕ್ಯಾಮೆರಾ ಇದೆ, ಹಾಗೆ ಊದಿಸುವುದು ಇನ್ನೊಂದು ಅಪರಾಧ. ಆಲ್ಕೋಹಾಲ್ ಇರುವ ಮೌತ್‌ವಾಶ್ ಮನೆಯಿಂದಲೇ ಆಚೆ ಹಾಕಿ. ಬಾಯಿ ಮುಕ್ಕಳಿಸಿದ ಕೂಡಲೇ ಊದಿದರೆ ಕಾರು ಸ್ಟಾರ್ಟ್ ಆಗುವುದಿಲ್ಲ, ಜೊತೆಗೆ ಆ ರೀಡಿಂಗ್ ದಾಖಲಾಗುತ್ತದೆ.

ಊರಿಗೆ ಹೋಗುವುದಿದ್ದರೆ ಟಿಕೆಟ್ ಮಾಡುವ ಮುಂಚೆಯೇ ಕೌನ್ಸೆಲರ್‌ಗೂ ವಕೀಲರಿಗೂ ಹೇಳಿ. ತಪ್ಪುವ ಭೇಟಿಗಳಿಗೆ ಬದಲಿ ದಿನ ಕೇಳಿ, ಬರವಣಿಗೆಯಲ್ಲೇ ಒಪ್ಪಿಗೆ ತೆಗೆದುಕೊಳ್ಳಿ.