ಚಾಲಕನ ರಕ್ತ ತೆಗೆಯುವಾಗ ಸ್ಪಿರಿಟ್ ಮುಟ್ಟಬೇಡಿ

ರಾತ್ರಿ ಪಾಳಿಯಲ್ಲಿ ಕುಡಿದು ಗಾಡಿ ಓಡಿಸಿದ ಅನುಮಾನದ ಮೇಲೆ ಪೊಲೀಸರು ಚಾಲಕನೊಬ್ಬನನ್ನು ರಕ್ತ ಪರೀಕ್ಷೆಗೆ ಕರೆತಂದರೆ ಮೊದಲು ಸ್ಪಿರಿಟ್ ಹತ್ತಿಯನ್ನು ಟ್ರೇಯಿಂದ ಆಚೆ ಇಡಿ. ಉಡುಪಿಯ ನಮ್ಮ ಲ್ಯಾಬಿಗೆ ಹೊಸದಾಗಿ ಬರುವ ಮಕ್ಕಳಿಗೆ ನಾನು ಮೊದಲು ಹೇಳೋದೇ ಇದು. ಸ್ಪಿರಿಟ್ ಅಂದರೆ ಆಲ್ಕೋಹಾಲೇ, ಚರ್ಮಕ್ಕೆ ಅದನ್ನು ಹಚ್ಚಿದ್ದು ಗೊತ್ತಾದರೆ ಕೋರ್ಟಿನಲ್ಲಿ ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಸೋಪು ನೀರು, ಇಲ್ಲವೇ ಆಲ್ಕೋಹಾಲ್ ಇಲ್ಲದ ಪೊವಿಡೋನ್ ಅಯೋಡಿನ್ ಸಾಕು.

ರಕ್ತಕ್ಕೆ ಬೂದು ಮುಚ್ಚಳದ ಟ್ಯೂಬೇ ಬೇಕು. ಅದರಲ್ಲಿರುವ ಪೊಟ್ಯಾಸಿಯಂ ಆಕ್ಸಲೇಟ್ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ, ಸೋಡಿಯಂ ಫ್ಲೋರೈಡ್ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಇದು ತುಂಬಾ ಮುಖ್ಯ. ಕೆಲವು ಸೂಕ್ಷ್ಮಜೀವಿಗಳು ರಕ್ತದ ಸಕ್ಕರೆಯಿಂದ ಟ್ಯೂಬಿನೊಳಗೇ ಆಲ್ಕೋಹಾಲ್ ಮಾಡಬಲ್ಲವು. ಕುಡಿಯದವನ ತಲೆಗೆ ಕೇಸು ಬಂದರೆ ಎಂಥ ಅನ್ಯಾಯ, ಅಲ್ವಾ? ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಆಲ್ಕೋಹಾಲ್. ಅಷ್ಟು ಸಣ್ಣ ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವೂ ಜಾಸ್ತಿಯೇ.

ಟ್ಯೂಬ್ ಪೂರ್ತಿ ತುಂಬಿಸಿ. ಮೇಲೆ ಜಾಗ ಬಿಟ್ಟರೆ ಆಲ್ಕೋಹಾಲ್ ಅಲ್ಲಿಗೆ ಆವಿಯಾಗುತ್ತದೆ. 8ರಿಂದ 10 ಸಲ ಮೆಲ್ಲಗೆ ಬೋರಲು ಮಾಡಿ, ಜೋರಾಗಿ ಕುಲುಕಬೇಡಿ. ಹೆಸರು, ದಿನ, ಗಂಟೆ, ನಿಮಿಷ ಎಲ್ಲವನ್ನೂ ಆ ಚಾಲಕನ ಎದುರೇ ಬರೆಯಿರಿ. ಸೀಲ್ ಹಾಕಿ ಫ್ರಿಜ್ಜಿನಲ್ಲಿಡಿ. ಯಾರ ಕೈಯಿಂದ ಯಾರ ಕೈಗೆ ಹೋಯಿತು ಅನ್ನೋದಕ್ಕೆ ಸಹಿ ಬೇಕೇ ಬೇಕು. ಸುಮ್ನೆ ಮೇಜಿನ ಮೇಲೆ ಬಿಟ್ಟು ಚಹಾಕ್ಕೆ ಹೋಗಬೇಡಿ.

ಗಾಂಜಾದಂಥದ್ದಕ್ಕೆ ಜೊಲ್ಲಿನ ಪರೀಕ್ಷೆಯೂ ಇದೆ. ಬಾಯಲ್ಲಿ ಎಲೆ ಅಡಿಕೆ ಇದ್ದರೆ ಉಗುಳಿಸಿ, 10 ನಿಮಿಷವಾದರೂ ಕಾಯಿರಿ. ಕಿಟ್‌ನಲ್ಲಿ ಪಾಸಿಟಿವ್ ಬಂದರೂ ಅದು ಸುಳಿವು ಮಾತ್ರ. ಖಚಿತ ಮಾಡಬೇಕಾದ್ದು ಫೊರೆನ್ಸಿಕ್ ಲ್ಯಾಬಿನ ಮಾಸ್ ಸ್ಪೆಕ್ಟ್ರೋಮೀಟರ್, ಅಂದರೆ ಅಣುಗಳ ತೂಕ ನೋಡಿ ಪದಾರ್ಥವನ್ನು ಗುರುತಿಸುವ ಯಂತ್ರ.