ಬಚ್ಚಲ ಒಲೆ, ಇನ್ಹೇಲರ್ ಮತ್ತು ನನ್ನ ಉಸಿರು

ನಾನು ಬೀಡಿ ಮುಟ್ಟಿದವಳಲ್ಲ. ಹಾಗಾಗಿ ಆರು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಡಾಕ್ಟರು ‘ಸಿಒಪಿಡಿ’ (ಉಸಿರಿನ ದಾರಿ ಕಿರಿದಾಗಿ ಏದುಸಿರು ಬರುವ, ಬಹುಕಾಲ ಉಳಿಯುವ ಶ್ವಾಸಕೋಶದ ಕಾಯಿಲೆ) ಅಂದಾಗ ನಂಬಲಾಗಲಿಲ್ಲ. ಕೊಳವೆಗೆ ಬಾಯಿಟ್ಟು ಜೋರಾಗಿ ಊದಿಸಿದರು. ಔಷಧಿ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಊದಿದ ಒಟ್ಟು ಗಾಳಿಯಲ್ಲಿ ಶೇ. 70ರಷ್ಟಾದರೂ ಮೊದಲ ಸೆಕೆಂಡಿನಲ್ಲೇ ಹೊರಗೆ ಬರಬೇಕು. ನನ್ನದು 58.

“ಒಲೆ ಮುಂದೆ ಎಷ್ಟು ವರ್ಷ ಕೂತಿದ್ದೀರಮ್ಮಾ?” ಅಂತ ಕೇಳಿದರು. ಲೆಕ್ಕ ಹಾಕಿದೆ, ನಲವತ್ತಕ್ಕೂ ಜಾಸ್ತಿ. ಅಡುಗೆ ಒಲೆ, ಬಚ್ಚಲ ಹಂಡೆಯ ಒಲೆ, ಕೊಯ್ಲಿನಲ್ಲಿ ಅಡಿಕೆ ಬೇಯಿಸುವ ಒಲೆ. ಕಾಯಿಲೆ ಗೊತ್ತಾಗುವ ಮುಂಚೆ ಎರಡು ವರ್ಷ ಬರೀ ಕೆಮ್ಮಿನ ಸಿರಪ್ ಕುಡಿದಿದ್ದೆ. ಯಾರೂ ಒಂದು ಸಲ ಊದಿಸಿ ನೋಡಿರಲಿಲ್ಲ. ಆ ಎರಡು ವರ್ಷ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮೊದಲು ಪುಡಿ ಇನ್ಹೇಲರ್ ಕೊಟ್ಟರು. ಕ್ಯಾಪ್ಸೂಲ್ ಹಾಕಿ, ತಿರುಗಿಸಿ, ಎಳೆಯುವುದು. ಆರು ತಿಂಗಳಾದರೂ ವ್ಯತ್ಯಾಸ ಕಾಣಲಿಲ್ಲ. ಒಂದು ದಿನ ತೊಳೆಯಲು ಬಿಚ್ಚಿದೆ. ಕ್ಯಾಪ್ಸೂಲಿನ ತುಂಡಿನೊಳಗೆ ಬಿಳಿ ಪುಡಿ ಹಾಗೇ ಅಂಟಿಕೊಂಡಿತ್ತು! ಅದನ್ನೇ ಕಾಗದದಲ್ಲಿ ಸುತ್ತಿ ಡಾಕ್ಟರಿಗೆ ತೋರಿಸಿದೆ. ಪುಡಿ ಒಳಗೆ ಹೋಗಲು ಜೋರಾಗಿ ಎಳೆಯಬೇಕು, ನನ್ನಲ್ಲಿ ಅಷ್ಟು ದಮ್ಮಿರಲಿಲ್ಲ. ಸ್ಪೇಸರ್ (ಔಷಧಿಯ ಗಾಳಿ ತುಂಬಿಕೊಳ್ಳುವ ಪ್ಲಾಸ್ಟಿಕ್ ಕೊಳವೆ) ಹಾಕಿ ಎಳೆಯುವ ಪಂಪ್ ಇನ್ಹೇಲರಿಗೆ ಬದಲಾಯಿಸಿದರು. ಈಗ ಚೆನ್ನಾಗಿ ಅಲ್ಲಾಡಿಸುತ್ತೇನೆ. ಉಸಿರು ಪೂರ್ತಿ ಹೊರಗೆ ಬಿಡುತ್ತೇನೆ. ತುಟಿ ಬಿಗಿಹಿಡಿದು ಒಂದೇ ಸಲ ಒತ್ತಿ ನಿಧಾನಕ್ಕೆ ಎಳೆದು, ಹತ್ತು ಎಣಿಸುವವರೆಗೆ ಹಿಡಿದಿಡುತ್ತೇನೆ. ಎರಡನೆಯದು ಒಂದು ನಿಮಿಷ ಬಿಟ್ಟು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ (ಬಿಳಿ ಪದರದಂಥ ಸೋಂಕು) ಬರುತ್ತದೆ. ನನಗೆ ಬಂದಿತ್ತು. ಔಷಧಿ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ಬಿಟ್ಟುಬಿಡಬೇಡಿ. ಡಾಕ್ಟರ ಎದುರೇ ಒಮ್ಮೆ ಎಳೆದು ತೋರಿಸಿ.

ಅಡುಗೆಗೆ ಗ್ಯಾಸ್ ಬಂದು ಬಹಳ ವರ್ಷವಾಗಿತ್ತು. ಆದರೆ ಬಚ್ಚಲ ಒಲೆ ಹೋಗಿರಲಿಲ್ಲ. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ನೀರು ಕಾಯುವುದಿಲ್ಲ ನೋಡಿ. ಕೊನೆಗೆ ಮಗ ಒಲೆಯ ಬಾಯನ್ನು ಮನೆಯ ಹೊರಗೋಡೆಗೆ ತಿರುಗಿಸಿ, ಮಾಡಿಗಿಂತ ಎತ್ತರಕ್ಕೆ ಹೊಗೆಕೊಳವೆ ಕಟ್ಟಿಸಿದ. ಬೆಂಕಿ ಹಾಕುವ ಕೆಲಸ ಈಗ ಅವನದೇ. ಅಡಿಕೆ ಬೇಯಿಸುವ ದಿನ ನಾನು ಅಂಗಳಕ್ಕೂ ಇಳಿಯುವುದಿಲ್ಲ.

ಉಸಿರು ಬಿಡುವುದನ್ನೂ ಹೊಸದಾಗಿ ಕಲಿತೆ. ಮೂಗಿನಲ್ಲಿ ಎರಡು ಎಣಿಸುವಷ್ಟು ಎಳೆದು, ತುಟಿ ಚೂಪು ಮಾಡಿ ನಾಲ್ಕು ಎಣಿಸುವಷ್ಟು ಬಿಡುವುದು. ಊದುಗೊಳವೆಯಲ್ಲಿ ಊದಿದ ಹಾಗೆ ಅಲ್ಲ. ದೀಪದ ಕುಡಿ ಅಲ್ಲಾಡಬೇಕು, ಆರಬಾರದು, ಅಷ್ಟು ಮೆತ್ತಗೆ. ಕೊಡ ಎತ್ತುವಾಗ, ಮೆಟ್ಟಿಲು ಹತ್ತುವಾಗ ಉಸಿರು ಹೊರಗೆ ಬಿಡುತ್ತಾ ಮಾಡುತ್ತೇನೆ. ಮೊದಲೆಲ್ಲ ಭಾರ ಎತ್ತುವಾಗ ಉಸಿರು ಬಿಗಿಹಿಡಿಯುತ್ತಿದ್ದೆ. ಸ್ನಾನಕ್ಕೆ ಸ್ಟೂಲ್ ಇದೆ.

ನೆಂಟರೊಬ್ಬರು ಆಕ್ಸಿಜನ್ ಮೆಷಿನ್ ತಂದುಬಿಡಿ ಅಂದರು. ಡಾಕ್ಟರು ಬೇಡ ಅಂದರು. ಸುಮ್ನೆ ಕೂತಾಗ ಬೆರಳಿನ ಮೀಟರಿನಲ್ಲಿ ನನ್ನ ರಕ್ತದ ಆಕ್ಸಿಜನ್ ಶೇ. 93 ಇರುತ್ತದೆ. ಸಾಮಾನ್ಯವಾಗಿ 88ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದು ಅಲ್ಲೇ ಉಳಿದರೆ ಮಾತ್ರ ಮನೆಯಲ್ಲಿ ಆಕ್ಸಿಜನ್ ಬೇಕಾಗುತ್ತದೆ. ಈ ಕಾಯಿಲೆಯಲ್ಲಿ ಅಳತೆ ಮೀರಿದ ಆಕ್ಸಿಜನ್ ಕೂಡ ಅಪಾಯ.

ಕಫದ ಬಣ್ಣ ದಿನಾ ನೋಡುತ್ತೇನೆ. ಹೇಸಿಗೆ ಪಟ್ಟುಕೊಂಡರೆ ಆಗುವುದಿಲ್ಲ. ಕಳೆದ ಮಳೆಗಾಲದಲ್ಲಿ ಬಿಳಿ ಇದ್ದದ್ದು ಹಳದಿ-ಹಸಿರಿಗೆ ತಿರುಗಿತು, ಏದುಸಿರೂ ಜಾಸ್ತಿಯಾಯಿತು. ಎರಡನೇ ದಿನವೇ ಫೋನ್ ಮಾಡಿದೆ. ಐದು ದಿನದ ಮಾತ್ರೆಯಲ್ಲಿ ಮುಗಿಯಿತು. ಅದರ ಹಿಂದಿನ ವರ್ಷ ‘ಶೀತ ಅಷ್ಟೇ’ ಅಂತ ಒಂದು ವಾರ ಕಾದು ಆಸ್ಪತ್ರೆ ಸೇರಿದ್ದೆ. ಫ್ಲೂ ಲಸಿಕೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಿಕೊಳ್ಳುತ್ತೇನೆ. ನ್ಯುಮೋನಿಯಾದ್ದೂ ಆಗಿದೆ.

ದಿನಾ ಸಂಜೆ ತೋಟಕ್ಕೆ ಹೋಗಿ ಬರುತ್ತೇನೆ. ವಾಪಸ್ ಬರುವಾಗ ಏರಿನಲ್ಲಿ ಮೂರು ಕಡೆ ನಿಲ್ಲಬೇಕು. ಆ ಮೂರು ಜಾಗ ಮೊಮ್ಮಗಳಿಗೂ ಗೊತ್ತು. ನನಗಿಂತ ಮೊದಲೇ ಓಡಿ ಹೋಗಿ ಕಲ್ಲಿನ ಮೇಲೆ ಕೂತು, “ಬಾ ಅಜ್ಜಿ, ನಿಧಾನ” ಅನ್ನುತ್ತಾಳೆ.